ಮನುಷ್ಯ ಮೃಗವಾಗುವ ಆ ಒಂದು ಚೌಕಟ್ಟು: ಹಳೆಯ ಅಮೆರಿಕನ್ ಭಯಾನಕ ಕಾಮಿಕ್ಸ್ ಕುರಿತು

ಹಳೆಸಂಚಿಕೆ

1950ರಿಂದ 1970ರ ದಶಕದ ಮಧ್ಯಭಾಗದವರೆಗೆ ಅಮೆರಿಕದಲ್ಲಿ ಬಂದ ವೈಜ್ಞಾನಿಕ ಮತ್ತು ಭಯಾನಕ ಕಾಮಿಕ್ಸ್‌ಗಳಲ್ಲಿ ಮನುಷ್ಯ ವಿಕಾರ ರೂಪ ತಾಳುವ ಕಥೆಗಳನ್ನು ಕಾಲಕ್ರಮದಲ್ಲಿ ಓದಿಕೊಂಡು ಬಂದವರಿಗೆ ಒಂದು ವಿಚಿತ್ರ ತಿರುವು ಕಾಣಿಸುತ್ತದೆ. 1954ಕ್ಕೆ ಮೊದಲಿನ ಕಥೆಗಳಲ್ಲಿ ರೂಪಾಂತರವು ಸಾಮಾನ್ಯವಾಗಿ ಕಥೆಯ ಕೊನೆಯಲ್ಲಿ ಬರುತ್ತದೆ. 1961ರ ನಂತರದ ಕಥೆಗಳಲ್ಲಿ ಅದು ಮೊದಲ ಕೆಲವು ಪುಟಗಳಲ್ಲೇ ಮುಗಿದುಹೋಗಿ, ಕಥೆ ಅಲ್ಲಿಂದ ಮುಂದಕ್ಕೆ ಬೆಳೆಯುತ್ತದೆ. ವಿಲಿಯಂ ಗೇನ್ಸ್ ಅವರ ಇಸಿ ಕಾಮಿಕ್ಸ್ ಸಂಸ್ಥೆ 1950ರಲ್ಲಿ ಆರಂಭಿಸಿದ ‘ಟೇಲ್ಸ್ ಫ್ರಮ್ ದಿ ಕ್ರಿಪ್ಟ್’, ‘ವಾಲ್ಟ್ ಆಫ್ ಹಾರರ್’, ‘ವಿಯರ್ಡ್ ಸೈನ್ಸ್’ ಮುಂತಾದ ಪತ್ರಿಕೆಗಳನ್ನು ನೆನೆಯಿರಿ. ಆರೆಂಟು ಪುಟಗಳ ಕಥೆಯಲ್ಲಿ ದುರಾಸೆಯ ಗಂಡನೋ, ಅಹಂಕಾರಿ ವಿಜ್ಞಾನಿಯೋ ತನ್ನ ಪಾಪದ ಫಲವನ್ನು ಕೊನೆಯ ಚೌಕಟ್ಟಿನಲ್ಲಿ ಮೈಮೇಲೆ ಹೊತ್ತು ನಿಲ್ಲುತ್ತಾನೆ, ಅಲ್ಲಿಗೆ ಕಥೆ ಮುಗಿಯುತ್ತದೆ. ಮರುದಿನ ಅವನ ಪಾಡೇನು ಎಂದು ಯಾರೂ ಕೇಳುವುದಿಲ್ಲ. 1961ರ ‘ಫೆಂಟಾಸ್ಟಿಕ್ ಫೋರ್’ ಮೊದಲ ಸಂಚಿಕೆಯ ಬೆನ್ ಗ್ರಿಮ್‌ನ ವಿಷಯದಲ್ಲಾದರೋ, ವಿಶ್ವಕಿರಣಗಳ ಹೊಡೆತಕ್ಕೆ ಸಿಕ್ಕು ಒರಟು ಚರ್ಮದ ದೈತ್ಯನಾದ ಆ ಮನುಷ್ಯ ಮರುದಿನ ಬೀದಿಯಲ್ಲಿ ಹೇಗೆ ನಡೆಯುತ್ತಾನೆ ಎಂಬುದೇ ಕಥೆ.

ಈ ತಿರುವಿಗೆ ಮುಖ್ಯ ಕಾರಣ 1954ರ ಅಕ್ಟೋಬರ್‌ನಲ್ಲಿ ಪ್ರಕಾಶಕರು ತಾವೇ ತಮ್ಮ ಮೇಲೆ ಹೇರಿಕೊಂಡ ಕಾಮಿಕ್ಸ್ ಸಂಹಿತೆ ಎಂಬುದು ನನ್ನ ಅಭಿಪ್ರಾಯ. ಆ ಸಂಹಿತೆ ನಡೆದಾಡುವ ಶವ, ರಕ್ತಪಿಶಾಚಿ, ಹೆಣ ತಿನ್ನುವ ಭೂತ, ನರಭಕ್ಷಣೆ, ತೋಳಮನುಷ್ಯ ಇವೆಲ್ಲವನ್ನೂ ಹೆಸರಿಸಿಯೇ ನಿಷೇಧಿಸಿತು. ಪತ್ರಿಕೆಯ ಶೀರ್ಷಿಕೆಯಲ್ಲಿ ಭಯವನ್ನು ಸೂಚಿಸುವ ಪದಗಳಿಗೂ ತಡೆಯೊಡ್ಡಿತು. ಆದರೆ ಪ್ರಯೋಗಾಲಯದ ಅಪಘಾತವನ್ನು ಅದು ನಿಷೇಧಿಸಲಿಲ್ಲ. ಸ್ಮಶಾನದ ಬಾಗಿಲು ಮುಚ್ಚಿದ್ದರಿಂದ ಕಥೆಗಾರರು ಪ್ರಯೋಗಾಲಯದ ಬಾಗಿಲಿನಿಂದ ಒಳಗೆ ಬಂದರು. 1962ರ ಮೇ ತಿಂಗಳ ದಿನಾಂಕ ಹೊತ್ತು ಬಂದ ‘ಇನ್‌ಕ್ರೆಡಿಬಲ್ ಹಲ್ಕ್’ ಮೊದಲ ಸಂಚಿಕೆಯನ್ನು ನೋಡಿ. ಗಾಮಾ ಕಿರಣಗಳ ಹೊಡೆತಕ್ಕೆ ಸಿಕ್ಕ ವಿಜ್ಞಾನಿ ಬ್ರೂಸ್ ಬ್ಯಾನರ್ ಅಲ್ಲಿ ಕೋಪ ಬಂದಾಗ ಬದಲಾಗುವುದಿಲ್ಲ, ಸೂರ್ಯ ಮುಳುಗಿದಾಗ ಹಲ್ಕ್ ಎಂಬ ದೈತ್ಯನಾಗುತ್ತಾನೆ, ಬೆಳಗಾದಾಗ ಮನುಷ್ಯನಾಗುತ್ತಾನೆ. ಚಂದ್ರನನ್ನು ತೆಗೆದು ಗಾಮಾ ಕಿರಣವನ್ನು ಇಟ್ಟ ತೋಳಮನುಷ್ಯನ ಕಥೆ ಅದಲ್ಲದೆ ಮತ್ತೇನು?

ಮಸಿಕುಡಿಕೆ

ಹಳೆಸಂಚಿಕೆಯವರೇ, ತಮ್ಮ ಗಮನಿಕೆ ಸರಿಯಾಗಿದೆ, ಕಾರಣದ ಬಗ್ಗೆ ನನ್ನ ಒಪ್ಪಿಗೆ ಇಲ್ಲ. ಸಂಹಿತೆಯು ಏನನ್ನು ಬರೆಯಬಾರದು ಎಂದು ಹೇಳಿತೇ ಹೊರತು ರೂಪಾಂತರವನ್ನು ಕಥೆಯ ಯಾವ ಭಾಗದಲ್ಲಿ ಇಡಬೇಕು ಎಂದು ಹೇಳಲಿಲ್ಲ. ಅದನ್ನು ನಿರ್ಧರಿಸಿದ್ದು ಪುಟ ತಯಾರಾಗುತ್ತಿದ್ದ ಕ್ರಮ.

ಇಸಿ ಸಂಸ್ಥೆಯಲ್ಲಿ ಸಂಪಾದಕ ಆಲ್ ಫೆಲ್ಡ್‌ಸ್ಟೈನ್ ಕಥೆಯ ಪಠ್ಯವನ್ನು ನೇರವಾಗಿ ಚಿತ್ರದ ಹಲಗೆಯ ಮೇಲೆಯೇ ಬರೆಯುತ್ತಿದ್ದರು. ಆಮೇಲೆ ಅದಕ್ಕೆ ಲೀರಾಯ್ ಎಂಬ ಅಚ್ಚಿನ ಸಾಧನದಿಂದ ಅಕ್ಷರಗಳನ್ನು ಕೂಡಿಸಲಾಗುತ್ತಿತ್ತು; ಆ ಪತ್ರಿಕೆಗಳ ಅಕ್ಷರಗಳು ಯಂತ್ರದಿಂದ ಬಂದಂತೆ ನಿರ್ಜೀವವಾಗಿ ಕಾಣುವುದು ಅದಕ್ಕೇ. ಮಾತು, ವಿವರಣೆ ಎಲ್ಲವೂ ಕೂತಾದ ಮೇಲೆಯೇ ಹಲಗೆ ಚಿತ್ರಕಾರನ ಕೈಗೆ ಬರುತ್ತಿತ್ತು. ಗ್ರಹಾಂ ಇಂಗೆಲ್ಸ್, ಜ್ಯಾಕ್ ಡೇವಿಸ್, ವಾಲಿ ವುಡ್ ಅಂತಹ ಮಹಾನ್ ಚಿತ್ರಕಾರರಿಗೂ ಉಳಿದದ್ದು ಪಠ್ಯದ ಕೆಳಗಿನ ಜಾಗ ಮಾತ್ರ. ಹೀಗಿರುವಾಗ ಮೂಳೆ ಬಾಗುವುದು, ಚರ್ಮ ಕರಗುವುದು, ಕೈ ಉಗುರಾಗುವುದು ಇವೆಲ್ಲವನ್ನೂ ವಾಕ್ಯಗಳೇ ವರ್ಣಿಸಿಬಿಡುತ್ತಿದ್ದವು. ಚಿತ್ರವು ಆ ವರ್ಣನೆಯ ಫಲವನ್ನು ಒಂದೇ ಏಟಿಗೆ ತೋರಿಸಬೇಕಾಗುತ್ತಿತ್ತು. ಆ ಏಟಿಗೆ ಕೊನೆಯ ಚೌಕಟ್ಟಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಹಾರ್ವೆ ಕರ್ಟ್ಸ್‌ಮನ್ ಸಂಪಾದಿಸಿದ ಪತ್ರಿಕೆಗಳು ಮಾತ್ರ ಈ ಪದ್ಧತಿಯಿಂದ ಹೊರಗಿದ್ದವು, ಅವರ ಆಸಕ್ತಿ ಭಯಾನಕ ಕಥೆಗಳಲ್ಲಿ ಇರಲಿಲ್ಲ ಎಂಬುದು ನಮ್ಮ ದುರದೃಷ್ಟ.

‘ಫೆಂಟಾಸ್ಟಿಕ್ ಫೋರ್’, ‘ಹಲ್ಕ್’ ಪತ್ರಿಕೆಗಳನ್ನು ತಂದ ಮಾರ್ವೆಲ್ ಸಂಸ್ಥೆಯಲ್ಲಿ ಕ್ರಮ ಇದಕ್ಕೆ ತಲೆಕೆಳಗು. ಸಂಪಾದಕ ಮತ್ತು ಲೇಖಕ ಸ್ಟ್ಯಾನ್ ಲೀ ಮತ್ತು ಚಿತ್ರಕಾರರು ಕಥೆಯ ಹಂದರವನ್ನು ಮಾತಾಡಿಕೊಳ್ಳುತ್ತಿದ್ದರು, ಜ್ಯಾಕ್ ಕರ್ಬಿಯಂಥವರು ಪುಟಗಳನ್ನು ಚಿತ್ರಿಸಿ ಕೊಡುತ್ತಿದ್ದರು, ಸಂಭಾಷಣೆ ಸಾಮಾನ್ಯವಾಗಿ ಆಮೇಲೆ ಸೇರುತ್ತಿತ್ತು. ಹಾಗಾಗಿ ಬದಲಾವಣೆಯನ್ನು ಎಷ್ಟು ಚೌಕಟ್ಟುಗಳಲ್ಲಿ ಹರಡಬೇಕು ಎಂಬ ತೀರ್ಮಾನ ಚಿತ್ರಕಾರನ ಕೈಗೆ ಬಂತು. ಹಲ್ಕ್‌ನ ಮೊದಲ ಸಂಚಿಕೆಯಲ್ಲಿ ಬ್ಯಾನರ್ ಮತ್ತು ಹುಡುಗ ರಿಕ್ ಜೋನ್ಸ್ ಕೋಣೆಯೊಂದರಲ್ಲಿ ಕೂತಿರುವಾಗ ಕತ್ತಲಾಗುತ್ತದೆ, ವಿಕಿರಣ ಅಳೆಯುವ ಗೈಗರ್ ಮಾಪಕ ಟಿಕ್‌ಟಿಕ್ ಎನ್ನಲು ತೊಡಗುತ್ತದೆ, ಆಮೇಲೆ ಕೈ ಬದಲಾಗುತ್ತದೆ. ಓದುಗ ಇಲ್ಲಿ ಫಲವನ್ನಷ್ಟೇ ನೋಡುವುದಿಲ್ಲ, ಕಾಯುತ್ತಾನೆ. ಈ ಕಾಯುವಿಕೆಯನ್ನು ಯಾವ ಸಂಹಿತೆಯೂ ಕೊಟ್ಟದ್ದಲ್ಲ.

ಶರಾವತಿ

ಮಸಿಕುಡಿಕೆಯವರ ವಾದ ನನಗೆ ಹೆಚ್ಚು ಹಿಡಿಸಿತು, ಆದರೆ ಇಬ್ಬರೂ ಕಾಮಿಕ್ಸ್ ಕಚೇರಿಯ ಹೊರಗೆ ಜಗತ್ತು ಇತ್ತೆಂಬುದನ್ನು ಸ್ವಲ್ಪ ಮರೆತಂತಿದೆ. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪವಲಯದಲ್ಲಿ ನಡೆದ ಅಮೆರಿಕದ ಜಲಜನಕ ಬಾಂಬ್ ಪರೀಕ್ಷೆಯ ಬೂದಿ ಜಪಾನಿನ ಮೀನುಗಾರಿಕಾ ದೋಣಿಯೊಂದರ ಮೇಲೆ ಬಿದ್ದು ಅದರಲ್ಲಿದ್ದವರೆಲ್ಲರೂ ಕಾಯಿಲೆ ಬಿದ್ದರು. ಕಣ್ಣಿಗೆ ಕಾಣದ ಯಾವುದೋ ಒಂದು ವಸ್ತು ದೇಹದ ಒಳಗೆ ಹೊಕ್ಕು ಅದನ್ನು ಬದಲಿಸಬಲ್ಲದು ಎಂಬ ಭೀತಿ ಆ ಕಾಲದ ಪತ್ರಿಕೆಗಳ ಮುಖಪುಟದಲ್ಲೇ ಇತ್ತು. ಸಂಹಿತೆ ಬಾರದೆ ಹೋಗಿದ್ದರೂ ತೋಳಮನುಷ್ಯನಿಗಿಂತ ವಿಕಿರಣಪೀಡಿತನೇ 1962ರ ಹುಡುಗನನ್ನು ಹೆಚ್ಚು ಹೆದರಿಸುತ್ತಿದ್ದ.

ಅಲ್ಲದೆ ಪ್ರಯೋಗಾಲಯದ ಬಾಗಿಲು 1954ಕ್ಕೆ ಮೊದಲೇ ತೆರೆದಿತ್ತು. ಬೇಸಿಲ್ ವುಲ್ವರ್ಟನ್ 1952ರಲ್ಲಿ ‘ಮಿಸ್ಟರ್ ಮಿಸ್ಟರಿ’ ಪತ್ರಿಕೆಗೆ ಚಿತ್ರಿಸಿದ ಶುಕ್ರಗ್ರಹದ ಮೆದುಳು ಬಾವಲಿಗಳ ಕಥೆಯಲ್ಲಿ ಮನುಷ್ಯನ ತಲೆಯ ಮೇಲೆ ಕೂತು ಅವನ ಮನಸ್ಸನ್ನು ವಶಪಡಿಸಿಕೊಳ್ಳುವ ಜೀವಿಗಳಿವೆ. ಮಂತ್ರವೂ ಇಲ್ಲ, ಶಾಪವೂ ಇಲ್ಲ. ಆ ಕಾಲದ ಎಷ್ಟೋ ಚಿತ್ರಕಾರರು ಮರೆತುಹೋಗಿರುವಾಗ ವುಲ್ವರ್ಟನ್ ಇಂದಿಗೂ ನಿಲ್ಲುವುದು ಅವರ ಗೆರೆಯ ವಿಲಕ್ಷಣ ನಿಖರತೆಯಿಂದ. ಪ್ರತಿಯೊಂದು ಸುಕ್ಕನ್ನೂ ಗುಳ್ಳೆಯನ್ನೂ ಎಣಿಸಿ ಬರೆದಂತೆ ಬರೆಯುತ್ತಿದ್ದರು.

ಹಲ್ಕ್ ಮೊದಲ ಸಂಚಿಕೆಯ ಇನ್ನೊಂದು ಪಾತ್ರವನ್ನು ಯಾರೂ ನೆನೆಯದಿರುವುದು ಸೋಜಿಗ. ಆ ಸಂಚಿಕೆಯ ಖಳನಾಯಕ ಗಾರ್ಗಾಯ್ಲ್, ವಿಕಿರಣದಿಂದ ವಿಕಾರಗೊಂಡ ಸೋವಿಯತ್ ವಿಜ್ಞಾನಿ. ಹಲ್ಕ್‌ನನ್ನು ಹಿಡಿದು ತನ್ನ ದೇಶಕ್ಕೆ ಒಯ್ದ ಅವನು, ಆ ದೈತ್ಯ ಮತ್ತೆ ಬ್ಯಾನರ್ ಆಗುವುದನ್ನು ಕಂಡು, ಮನುಷ್ಯನಾಗಬಲ್ಲವನು ಮೃಗವಾಗಿರಲು ಏಕೆ ಬಯಸಬೇಕು ಎಂಬ ಸಂಕಟದಲ್ಲಿ ಕುಸಿಯುತ್ತಾನೆ. ಬ್ಯಾನರ್ ಅದೇ ವಿಕಿರಣವನ್ನು ಬಳಸಿ ಅವನನ್ನು ಗುಣಪಡಿಸುತ್ತಾನೆ. ಮನುಷ್ಯರೂಪ ಪಡೆದ ವಿಜ್ಞಾನಿ ಬಂದಿಗಳನ್ನು ಬಿಡಿಸಿ ಕಳುಹಿಸಿ, ತನ್ನನ್ನು ಆ ಗತಿಗೆ ತಂದ ಆಳ್ವಿಕೆಯ ನೆಲೆಯನ್ನು ಸ್ಫೋಟಿಸಿ ಅದರೊಡನೆ ಸಾಯುತ್ತಾನೆ. ಶೀತಲಸಮರದ ಪ್ರಚಾರ ಇದರಲ್ಲಿ ಧಾರಾಳವಾಗಿದೆ. ಆದರೂ ಬಿಡುಗಡೆ ಸಿಗುವುದು ಶತ್ರುವಿಗೆ, ನಾಯಕನಿಗೆ ಸಿಗುವುದಿಲ್ಲ ಎಂಬ ಜೋಡಣೆ ಅಷ್ಟು ಸಣ್ಣ ಪತ್ರಿಕೆಗೆ ದೊಡ್ಡ ಮಾತು.

ಹಳೆಸಂಚಿಕೆ

ಶರಾವತಿಯವರು ಹೇಳಿದ ವಿಕಿರಣದ ಭೀತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ತಡೆಗೋಡೆ ನಿಜವಾಗಿಯೂ ನೀರನ್ನು ತಡೆದಿತ್ತೇ ಎಂದು ತಿಳಿಯಬೇಕಾದರೆ ಅದನ್ನು ತೆಗೆದಾಗ ಏನಾಯಿತು ಎಂದು ನೋಡಬೇಕು. 1971ರಲ್ಲಿ ಸಂಹಿತೆಯನ್ನು ತಿದ್ದಿ, ಪ್ರತಿಷ್ಠಿತ ಸಾಹಿತ್ಯ ಪರಂಪರೆಯ ರೀತಿಯಲ್ಲಿ ನಿರೂಪಿಸುವುದಾದರೆ ರಕ್ತಪಿಶಾಚಿ, ಹೆಣ ತಿನ್ನುವ ಭೂತ ಮತ್ತು ತೋಳಮನುಷ್ಯರಿಗೆ ಅವಕಾಶವಿದೆ ಎಂದರು. 1972ರ ಫೆಬ್ರವರಿ ಸಂಚಿಕೆಯಲ್ಲೇ ಮಾರ್ವೆಲ್‌ನ ‘ವೆರ್‌ವುಲ್ಫ್ ಬೈ ನೈಟ್’ ಬಂದಿತು, ಏಪ್ರಿಲ್ ಸಂಚಿಕೆಯಾಗಿ ‘ಟೂಂಬ್ ಆಫ್ ಡ್ರಾಕುಲಾ’ ಬಂದಿತು. ಹದಿನೇಳು ವರ್ಷ ಬೇಡಿಕೆಯೇ ಇರಲಿಲ್ಲ ಎಂದಾದರೆ ಇಷ್ಟು ಅವಸರ ಎಲ್ಲಿಂದ ಬಂತು?

ಇವೆರಡಕ್ಕಿಂತ ಸ್ವಾರಸ್ಯವಾದದ್ದು ಮಾರ್ಬಿಯಸ್. 1971ರಲ್ಲಿ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 101ನೇ ಸಂಚಿಕೆಯಲ್ಲಿ ರಾಯ್ ಥಾಮಸ್ ಮತ್ತು ಗಿಲ್ ಕೇನ್ ತಂದ ಈ ಪಾತ್ರ ರಕ್ತ ಕುಡಿಯುತ್ತದೆ, ಆದರೆ ಸತ್ತು ಎದ್ದದ್ದಲ್ಲ. ತನ್ನ ರಕ್ತದ ಕಾಯಿಲೆಗೆ ಮದ್ದು ಹುಡುಕಲು ಬಾವಲಿಗಳೊಡನೆ ಪ್ರಯೋಗ ಮಾಡಿ ಕೆಟ್ಟುಹೋದ ಜೀವರಸಾಯನ ವಿಜ್ಞಾನಿ. ಅನುಮತಿ ಸಿಕ್ಕ ಮೇಲೂ ಕಥೆಗಾರರು ಪ್ರಯೋಗಾಲಯದ ಬಾಗಿಲಿನಿಂದಲೇ ಒಳಬಂದರೆಂದರೆ, ಸಂಹಿತೆ ಕಲಿಸಿದ ಅಭ್ಯಾಸ ಅಷ್ಟು ಗಟ್ಟಿಯಾಗಿತ್ತು ಎಂದೇ ನಾನು ತಿಳಿಯುತ್ತೇನೆ.

ಕಡತಪ್ರಿಯ

ಸಂಹಿತೆ ಹೇಗೆ ಬಂತೆಂಬುದನ್ನೂ ಇಲ್ಲಿ ದಾಖಲಿಸುವುದು ಒಳ್ಳೆಯದು, ಏಕೆಂದರೆ ಆ ಕಥೆಯ ಒಂದು ಕೊಂಡಿ ನಮ್ಮ ದೇಶದ ಕಾನೂನಿನವರೆಗೆ ಬರುತ್ತದೆ. ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಕಾಮಿಕ್ಸ್‌ಗಳು ಮಕ್ಕಳನ್ನು ಅಪರಾಧಕ್ಕೆ ತಳ್ಳುತ್ತವೆ ಎಂದು ವಾದಿಸುವ ತಮ್ಮ ಪುಸ್ತಕವನ್ನು 1954ರಲ್ಲಿ ಪ್ರಕಟಿಸಿದರು. ಅದೇ ವರ್ಷದ ಏಪ್ರಿಲ್ 21ರಂದು ನ್ಯೂಯಾರ್ಕಿನಲ್ಲಿ ಸೆನೆಟ್ ಉಪಸಮಿತಿಯ ಮುಂದೆ ವರ್ಥಮ್ ಮತ್ತು ಗೇನ್ಸ್ ಇಬ್ಬರೂ ಹೇಳಿಕೆ ನೀಡಿದರು. ಕತ್ತರಿಸಿದ ಹೆಣ್ಣಿನ ತಲೆ ಮತ್ತು ರಕ್ತಸಿಕ್ತ ಕೊಡಲಿ ಹಿಡಿದವನ ಮುಖಪುಟವೊಂದನ್ನು ಎತ್ತಿಹಿಡಿದು ಇದು ಸದಭಿರುಚಿಯೇ ಎಂದು ಸೆನೆಟರ್ ಕೀಫಾವರ್ ಕೇಳಿದಾಗ, ಭಯಾನಕ ಕಾಮಿಕ್ಸ್‌ನ ಮುಖಪುಟದ ಮಟ್ಟಿಗೆ ಹೌದು ಎಂದು ಗೇನ್ಸ್ ಉತ್ತರಿಸಿದರು. ತಲೆಯನ್ನು ಇನ್ನಷ್ಟು ಮೇಲೆತ್ತಿ ಕೊರಳಿನಿಂದ ರಕ್ತ ತೊಟ್ಟಿಕ್ಕುವಂತೆ ತೋರಿಸಿದ್ದರೆ ಅದು ಅಸಭ್ಯವಾಗುತ್ತಿತ್ತು ಎಂದು ವಿವರಿಸಿದ್ದು ಅವರಿಗೆ ಇನ್ನಷ್ಟು ಮುಳುವಾಯಿತು. ವರ್ಥಮ್ ಅವರ ಕಾಗದಪತ್ರಗಳು 2010ರಲ್ಲಿ ಸಂಶೋಧಕರಿಗೆ ತೆರೆದ ಮೇಲೆ, ಕ್ಯಾರಲ್ ಟಿಲ್ಲಿ ಎಂಬ ಗ್ರಂಥಾಲಯ ವಿಜ್ಞಾನದ ವಿದ್ವಾಂಸರು ಅವನ್ನು ಪರಿಶೀಲಿಸಿ, ಅವರು ಮಕ್ಕಳ ಹೇಳಿಕೆಗಳನ್ನು ತಿರುಚಿಯೂ ಬೆರೆಸಿಯೂ ಬಳಸಿದ್ದರೆಂದು 2012ರಲ್ಲಿ ತೋರಿಸಿದರು. ಆದರೆ ವರ್ಥಮ್ ಅವರನ್ನು ಬರಿಯ ಖಳನನ್ನಾಗಿ ಮಾಡುವುದೂ ಸರಿಯಲ್ಲ. ಹಾರ್ಲೆಮ್‌ನ ಬಡ ಕಪ್ಪುಜನರಿಗಾಗಿ ಕಡಿಮೆ ಖರ್ಚಿನ ಮನೋಚಿಕಿತ್ಸಾಲಯ ನಡೆಸಿದವರೂ ಅವರೇ.

ಬ್ರಿಟನ್ 1955ರಲ್ಲಿ ಇಂತಹ ಕಾಮಿಕ್ಸ್ ವಿರುದ್ಧ ಕಾನೂನನ್ನೇ ತಂದಿತು. ಮರುವರ್ಷ ಭಾರತದ ಸಂಸತ್ತು ಯುವಜನರ (ಹಾನಿಕರ ಪ್ರಕಟಣೆಗಳ) ಅಧಿನಿಯಮ, 1956 ಎಂಬುದನ್ನು ಅಂಗೀಕರಿಸಿತು. ಚಿತ್ರಗಳ ನೆರವಿನಿಂದಲೋ ಪೂರ್ಣ ಚಿತ್ರಗಳಲ್ಲಿಯೋ ಹೇಳಿದ ಕಥೆಗಳು ಅಪರಾಧ, ಕ್ರೌರ್ಯ ಅಥವಾ ಜುಗುಪ್ಸೆ ಹುಟ್ಟಿಸುವ ಭೀಕರ ಘಟನೆಗಳನ್ನು ಮುಖ್ಯವಾಗಿ ನಿರೂಪಿಸಿ ಯುವಜನರನ್ನು ಕೆಡಿಸುವಂತಿದ್ದರೆ ಅವು ಹಾನಿಕರ ಪ್ರಕಟಣೆಗಳಾಗುತ್ತವೆ. ಅದರ ಪ್ರಕಾರ ಯುವಜನರೆಂದರೆ ಇಪ್ಪತ್ತು ವರ್ಷದೊಳಗಿನವರು. ಅಂದರೆ ಮೈ ಕರಗಿ ಮೃಗವಾಗುವ ಇಸಿ ಪತ್ರಿಕೆಯೊಂದನ್ನು ಬೆಂಗಳೂರಿನ ಹತ್ತೊಂಬತ್ತರ ಕಾಲೇಜು ಹುಡುಗನಿಗೆ ಮಾರುವ ಅಂಗಡಿಯವನಿಗೆ ಕಾನೂನಿನ ತೊಡಕು ಇರಬಹುದಿತ್ತು, ಅಂತಹ ಪತ್ರಿಕೆಗಳನ್ನು ಇಲ್ಲಿ ಯಾರೂ ಅಚ್ಚುಹಾಕುತ್ತಲೇ ಇರದಿದ್ದರೂ.

ನಮ್ಮಲ್ಲಿ ಬಂದದ್ದು ಬೇರೆಯದೇ ಸರಕು. 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್ ಮೂಲಕ ಫ್ಯಾಂಟಮ್, ಮಾಂಡ್ರೇಕರು ನಮಗೆ ಪರಿಚಿತರಾದರು. ಮಾಂಡ್ರೇಕ್ ಕೈಸನ್ನೆ ಮಾಡಿದೊಡನೆ ಬಂದೂಕು ಹಾವಾಗುತ್ತದೆ, ಆದರೆ ಅದು ನೋಡುವವನ ಕಣ್ಣಿನಲ್ಲಿ ಮಾತ್ರ. ನಿಜವಾಗಿ ಮೈ ಬದಲಾಗಿ ಹಿಂದಿರುಗಲಾರದೆ ಉಳಿಯುವ ಭೀತಿಯನ್ನು ಆ ಸಂಚಿಕೆಗಳು ಕೊಡಲಿಲ್ಲ.

ಬಣ್ಣಗಾರ

ಇಷ್ಟು ಹೊತ್ತಾದರೂ ಬಣ್ಣದ ಮಾತು ಬರಲಿಲ್ಲವಾದ್ದರಿಂದ ನಾನೇ ಎತ್ತುತ್ತೇನೆ. ಹಲ್ಕ್ ಮೊದಲ ಸಂಚಿಕೆಯಲ್ಲಿ ಬೂದುಬಣ್ಣದವನಾಗಿದ್ದ, ಎರಡನೆಯ ಸಂಚಿಕೆಯಿಂದ ಹಸಿರಾದ. ಇದರ ಹಿಂದೆ ಯಾವ ಸಂಕೇತವೂ ಇಲ್ಲ. ಅಗ್ಗದ ಸುದ್ದಿಕಾಗದದ ಮೇಲೆ ಹಳದಿ, ಕೆಂಪು, ನೀಲಿ, ಕಪ್ಪು ಈ ನಾಲ್ಕು ಮಸಿಗಳ ಚುಕ್ಕಿಗಳಿಂದ ಬಣ್ಣ ಕೂಡಿಸುತ್ತಿದ್ದ ಆ ಅಚ್ಚಿನಲ್ಲಿ ಬೂದುಬಣ್ಣ ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಮೂರು ಬಣ್ಣಗಳ ಚುಕ್ಕಿಗಳು ಸಮತೂಕದಲ್ಲಿ ಬಿದ್ದರೆ ಮಾತ್ರ ಬೂದು. ಒಂದು ಸ್ವಲ್ಪ ಹೆಚ್ಚಾದರೆ ಹಸಿರು ಛಾಯೆ, ಇನ್ನೊಂದು ಹೆಚ್ಚಾದರೆ ಕಂದು. ಒಂದೇ ಸಂಚಿಕೆಯಲ್ಲಿ ಆ ದೈತ್ಯ ಪುಟದಿಂದ ಪುಟಕ್ಕೆ ಬೇರೆಬೇರೆ ಬಣ್ಣದವನಾಗಿ ಕಂಡ. ಹಸಿರಿಗೆ ಹಳದಿ ಮತ್ತು ನೀಲಿ ಸಾಕು, ಹೆಚ್ಚು ಕೆಡುವುದಿಲ್ಲ. ಇಂದು ಜಗತ್ತಿನ ಮಕ್ಕಳೆಲ್ಲ ಗುರುತಿಸುವ ಆ ಹಸಿರು ಮೈ ಅಚ್ಚುಮನೆಯ ತೊಡಕಿನ ಫಲ.

ರೂಪಾಂತರದ ಚಿತ್ರಣಕ್ಕೂ ಇದೇ ಮಿತಿ ಅನ್ವಯಿಸುತ್ತದೆ. ಚರ್ಮ ನಿಧಾನವಾಗಿ ಬಣ್ಣ ಬದಲಿಸುವುದನ್ನು ಆ ಅಚ್ಚಿನಲ್ಲಿ ತೋರಿಸಲು ಸಾಧ್ಯವೇ ಇರಲಿಲ್ಲ. ಒಂದು ಚೌಕಟ್ಟಿನಲ್ಲಿ ಮನುಷ್ಯನ ತಿಳಿಗುಲಾಬಿ, ಮುಂದಿನದರಲ್ಲಿ ಹಸಿರು. ನಡುವೆ ಬಿಳಿಯ ಅಂಚು ಮಾತ್ರ. ಹಾಗಾಗಿ ನಿಧಾನವಾದ ಬದಲಾವಣೆಯ ಹೊರೆಯೆಲ್ಲವೂ ಕಪ್ಪುಗೆರೆಯ ಮೇಲೆ ಬಿತ್ತು. ಗ್ರಹಾಂ ಇಂಗೆಲ್ಸ್ ಅವರ ಚಿತ್ರಗಳಲ್ಲಿ ಗೆರೆಯೇ ತೊಟ್ಟಿಕ್ಕುತ್ತಿರುವಂತೆ, ಮುಖದ ಮಾಂಸ ಜಾರುತ್ತಿರುವಂತೆ ಕಾಣುವುದು ಈ ಅನಿವಾರ್ಯದಿಂದಲೂ ಹುಟ್ಟಿದ್ದು. ಅವರು ‘ಘಾಸ್ಟ್ಲಿ’ ಎಂದೇ ಸಹಿ ಹಾಕುತ್ತಿದ್ದರು. ಆ ಗೆರೆಯ ನಿಜವಾದ ವಾರಸುದಾರ ನನ್ನ ದೃಷ್ಟಿಯಲ್ಲಿ ಬರ್ನಿ ರೈಟ್‌ಸನ್. ‘ಸ್ವಾಂಪ್ ಥಿಂಗ್’ ಸರಣಿಯ ಮೊದಲ ಹತ್ತು ಸಂಚಿಕೆಗಳಲ್ಲಿ ಬೇರು, ಪಾಚಿ, ಸ್ನಾಯು ಎಲ್ಲಿ ಒಂದಾಗುತ್ತವೆ ಎಂದು ಬೆರಳಿಟ್ಟು ಹೇಳಲಾಗುವುದಿಲ್ಲ.

ಜೌಗುನೆಲ

ಸ್ವಾಂಪ್ ಥಿಂಗ್ ಹೆಸರು ಬಂದ ಮೇಲೆ ಸುಮ್ಮನಿರಲಾಗುವುದಿಲ್ಲ. ಕೆಸರಿನಿಂದ ಏಳುವ ಮನುಷ್ಯನ ವಂಶಾವಳಿ ಬಹಳ ಹಳೆಯದು. ಥಿಯೋಡರ್ ಸ್ಟರ್ಜನ್ 1940ರಲ್ಲಿ ಬರೆದ ಸಣ್ಣಕಥೆಯೊಂದರಲ್ಲಿ ಕಾಡಿನಲ್ಲಿ ಬಿದ್ದ ಅಸ್ಥಿಪಂಜರದ ಸುತ್ತ ಕೊಳೆತ ಎಲೆ, ಬೂಷ್ಟು ಕೂಡಿಕೊಂಡು ಒಂದು ಜೀವಿ ಏಳುತ್ತದೆ. 1942ರಲ್ಲಿ ‘ಏರ್ ಫೈಟರ್ಸ್’ ಪತ್ರಿಕೆಯಲ್ಲಿ ಬಂದ ಹೀಪ್ ಎಂಬ ಪಾತ್ರ, ಮೊದಲ ಮಹಾಯುದ್ಧದಲ್ಲಿ ಜೌಗಿನಲ್ಲಿ ಬಿದ್ದ ಜರ್ಮನ್ ವೈಮಾನಿಕನೊಬ್ಬ ಗಿಡಗಂಟಿಗಳೊಡನೆ ಬೆರೆತು ಎದ್ದದ್ದು. 1971ರ ಮೇ ತಿಂಗಳಲ್ಲಿ ಮಾರ್ವೆಲ್‌ನ ಮ್ಯಾನ್ ಥಿಂಗ್, ಜುಲೈ ಸಂಚಿಕೆಯಲ್ಲಿ ಅದರ ಪ್ರತಿಸ್ಪರ್ಧಿ ಡಿಸಿ ಸಂಸ್ಥೆಯ ಸ್ವಾಂಪ್ ಥಿಂಗ್ ಬಂದವು. ಮ್ಯಾನ್ ಥಿಂಗ್ ಬರೆದವರಲ್ಲಿ ಒಬ್ಬರಾದ ಜೆರಿ ಕಾನ್ವೇ ಮತ್ತು ಸ್ವಾಂಪ್ ಥಿಂಗ್ ಬರೆದ ಲೆನ್ ವೀನ್ ಆಗ ಒಂದೇ ಮನೆಯಲ್ಲಿ ಬಾಡಿಗೆಗೆ ಇದ್ದ ಗೆಳೆಯರು. ಯಾರು ಯಾರಿಂದ ಪಡೆದರು ಎಂಬ ಜಗಳ ನನಗೆ ರುಚಿಸುವುದಿಲ್ಲ. ಇಬ್ಬರೂ ಹೀಪ್‌ನಿಂದ ಪಡೆದಿದ್ದರು.

ಇವೆರಡರ ನಡುವಿನ ಅಂತರವೇ ಮುಖ್ಯ. ಮ್ಯಾನ್ ಥಿಂಗ್ ಆದ ವಿಜ್ಞಾನಿ ಟೆಡ್ ಸ್ಯಾಲಿಸ್ ತನ್ನ ಮನಸ್ಸನ್ನೇ ಕಳೆದುಕೊಳ್ಳುತ್ತಾನೆ. ಉಳಿಯುವುದು ಸುತ್ತಲಿನವರ ಭಾವನೆಗಳಿಗೆ ಮಿಡಿಯುವ ಒಂದು ಮೈ ಮಾತ್ರ. ಹೆದರಿದವರು ಅದರ ಸ್ಪರ್ಶಕ್ಕೆ ಸುಟ್ಟುಹೋಗುತ್ತಾರೆ. ಸ್ವಾಂಪ್ ಥಿಂಗ್‌ನಲ್ಲಿ ಮನಸ್ಸು ಉಳಿದಿದೆ, ಧ್ವನಿ ಹೋಗಿದೆ. ‘ಹೌಸ್ ಆಫ್ ಸೀಕ್ರೆಟ್ಸ್’ 92ನೇ ಸಂಚಿಕೆಯ ಆ ಮೊದಲ ಎಂಟು ಪುಟಗಳಲ್ಲಿ, ಗೆಳೆಯನ ಸಂಚಿಗೆ ಬಲಿಯಾದ ಅಲೆಕ್ಸ್ ಓಲ್ಸನ್ ಜೌಗಿನಿಂದ ಎದ್ದು ಬಂದು, ಆ ಗೆಳೆಯನನ್ನೇ ಮದುವೆಯಾಗಿರುವ ತನ್ನ ಹೆಂಡತಿ ಲಿಂಡಾಳ ಪ್ರಾಣ ಉಳಿಸುತ್ತಾನೆ. ಅವಳಿಗೆ ತಾನು ಯಾರೆಂದು ಹೇಳಲು ಅವನಿಗೆ ಬಾಯಿಲ್ಲ. ಅವಳು ಚೀರುತ್ತಾಳೆ, ಅವನು ಹಿಂದಿರುಗುತ್ತಾನೆ. ರೂಪಾಂತರವನ್ನು ಶಿಕ್ಷೆಯೆಂದು ನೋಡುವ ಇಸಿಯ ಧರ್ಮ ಇಲ್ಲಿ ಪೂರ್ತಿ ಮುರಿದುಬಿದ್ದಿದೆ, ಏಕೆಂದರೆ ವಿಕಾರಗೊಂಡವನು ನಿರಪರಾಧಿ.

1984ರ ಫೆಬ್ರವರಿಯ ಸ್ವಾಂಪ್ ಥಿಂಗ್ ಸಂಚಿಕೆಯಲ್ಲಿ ಲೇಖಕ ಅಲನ್ ಮೂರ್ ಇದನ್ನು ಇನ್ನೊಂದು ಹೆಜ್ಜೆ ಮುಂದೊಯ್ದರು. ಅಷ್ಟು ಹೊತ್ತಿಗೆ ಸರಣಿಯ ನಾಯಕ ಅಲೆಕ್ ಹಾಲೆಂಡ್ ಎಂಬ ವಿಜ್ಞಾನಿಯಾಗಿದ್ದ, ಮನುಷ್ಯನಾಗಲು ಮದ್ದು ಹುಡುಕುತ್ತಿದ್ದ. ಶವಪರೀಕ್ಷೆ ಮಾಡುವ ವುಡ್ರೂ ಎಂಬ ಪಾತ್ರ ಕಂಡುಕೊಳ್ಳುವುದೇನೆಂದರೆ, ಒಳಗೆ ಇರುವ ಶ್ವಾಸಕೋಶ, ಮೆದುಳುಗಳೆಲ್ಲ ಕೆಲಸ ಮಾಡದ ಸಸ್ಯದ ಅನುಕರಣೆಗಳು; ಹಾಲೆಂಡ್ ಎಂದೋ ಸತ್ತಿದ್ದಾನೆ, ಅವನ ನೆನಪನ್ನು ಹೀರಿಕೊಂಡ ಗಿಡಗಳು ತಾವೇ ಅವನೆಂದು ನಂಬಿವೆ. ತರಬೇತಿ ಪಡೆದ ಚಪ್ಪಟೆ ಹುಳುಗಳನ್ನು ತಿಂದ ಹುಳುಗಳಿಗೆ ಆ ಕಲಿಕೆ ದಾಟುತ್ತದೆ ಎಂದು ಹೇಳಿಕೊಂಡ ಹಳೆಯ ಪ್ರಯೋಗಗಳನ್ನು ಮೂರ್ ಇಲ್ಲಿ ಆಧಾರವಾಗಿ ಬಳಸಿದ್ದಾರೆ. ವಿಜ್ಞಾನ ಅದನ್ನು ಒಪ್ಪಲಿಲ್ಲ, ಕಥೆಗೆ ಅದು ಅಡ್ಡಿಯಾಗಲಿಲ್ಲ. ಹಿಂದಿರುಗಲು ಮನುಷ್ಯನೇ ಇಲ್ಲದ ಮೇಲೆ ಇದನ್ನು ರೂಪಾಂತರ ಎನ್ನಬಹುದೇ ಎಂಬುದು ನನ್ನ ಪ್ರಶ್ನೆ.

ಶರಾವತಿ

ಜೌಗುನೆಲದವರ ಪ್ರಶ್ನೆಗೆ ನೇರವಾಗಿ ಉತ್ತರಿಸುವ ಬದಲು, ನಮ್ಮ ಪುರಾಣಗಳ ರೂಪಾಂತರದೊಡನೆ ಅದನ್ನು ಇಟ್ಟು ನೋಡುತ್ತೇನೆ. ನಹುಷ ಅಗಸ್ತ್ಯರ ಶಾಪದಿಂದ ಹೆಬ್ಬಾವಾದಾಗ ಅವನಿಗೆ ಹಿಂದಿನ ನೆನಪೂ ಉಳಿಯುತ್ತದೆ, ಬಿಡುಗಡೆ ಯಾವಾಗ ಎಂಬುದೂ ಶಾಪದೊಳಗೇ ಹೇಳಿರುತ್ತದೆ. ಭೀಮನನ್ನು ಸುತ್ತಿಹಿಡಿದ ಆ ಹಾವಿನ ಪ್ರಶ್ನೆಗಳಿಗೆ ಧರ್ಮರಾಯ ಉತ್ತರಿಸಿದೊಡನೆ ಲೆಕ್ಕ ತೀರುತ್ತದೆ. ಶಾಪಕ್ಕೆ ವಿಮೋಚನೆ ಉಂಟು. ಗಾಮಾ ಕಿರಣವನ್ನು ಕೇಳಿಕೊಳ್ಳಲು ಯಾವ ಋಷಿಯೂ ಇಲ್ಲ. ಬೆನ್ ಗ್ರಿಮ್‌ನ ಗೆಳೆಯ ರೀಡ್ ಮತ್ತೆ ಮತ್ತೆ ಮದ್ದು ಹುಡುಕುತ್ತಾನೆ, ಮತ್ತೆ ಮತ್ತೆ ಸೋಲುತ್ತಾನೆ. ಸೋಲಲೇಬೇಕು, ಏಕೆಂದರೆ ಮುಂದಿನ ತಿಂಗಳು ಪತ್ರಿಕೆ ಹೊರಬರಬೇಕು. 1966ರ ಜೂನ್ ತಿಂಗಳ 51ನೇ ಸಂಚಿಕೆಯಲ್ಲಿ ಬೇರೊಬ್ಬ ವಿಜ್ಞಾನಿ ಅವನ ವಿಕಾರ ರೂಪವನ್ನೇ ಕದಿಯುತ್ತಾನೆ, ಬೆನ್ ಕೆಲಕಾಲ ಮನುಷ್ಯನಾಗುತ್ತಾನೆ. ಕದ್ದವನು ರೀಡ್‌ನನ್ನು ಕೊಲ್ಲಬೇಕೆಂದು ಬಂದವನು ಅವನ ಪ್ರಾಣ ಉಳಿಸಲು ತಾನೇ ಸಾಯುತ್ತಾನೆ. ಅವನ ಸಾವಿನೊಂದಿಗೆ ಬೆನ್ ಮರಳಿ ದೈತ್ಯನಾಗುತ್ತಾನೆ. ಆ ಕಾಲದ ಅಮೆರಿಕನ್ ಕಾಮಿಕ್ಸ್‌ನಲ್ಲಿ ನಾನು ಓದಿದ ಅತ್ಯುತ್ತಮ ಇಪ್ಪತ್ತು ಪುಟಗಳು ಅವು.

ಇದಕ್ಕಿಂತ ಹತ್ತಿರದ್ದು ನಮ್ಮ ಜಾನಪದದ, ಹೂವಿನ ಮರವಾಗುವ ಹುಡುಗಿಯ ಕಥೆ. ನೀರು ಸುರಿಯುವ ವಿಧಿಯನ್ನು ಇತರರು ಅಜಾಗರೂಕತೆಯಿಂದ ಕೆಡಿಸಿದ್ದರಿಂದ ಅವಳು ಮರವೂ ಅಲ್ಲದೆ ಮನುಷ್ಯಳೂ ಅಲ್ಲದೆ, ಕೈಕಾಲಿಲ್ಲದ ಬೊಡ್ಡೆಯಂತೆ ಉಳಿಯುತ್ತಾಳೆ. ಆ ಅರ್ಧ ಸ್ಥಿತಿಯ ಭಯವನ್ನು ರೈಟ್‌ಸನ್ ಅವರ ಪುಟಗಳಲ್ಲಿ ಕಂಡಾಗ ನನಗೆ ಅದು ಹೊಸದೆನಿಸಲಿಲ್ಲ. ಅವಳಿಗಾದರೋ ಕೊನೆಗೆ ಗಂಡನ ಕೈಯಿಂದ ಮೈ ಮರಳುತ್ತದೆ.

ಮಸಿಕುಡಿಕೆ

ಬಿಡುಗಡೆಯಿಲ್ಲದಿರುವುದು ಪ್ರಯೋಗಾಲಯದ ಕಥೆಗಳ ಲಕ್ಷಣ ಎಂದು ಶರಾವತಿಯವರು ಹೇಳುವುದಾದರೆ, ಡಿಸಿಯ ‘ಜಿಮ್ಮಿ ಓಲ್ಸನ್’ ಪತ್ರಿಕೆಯನ್ನು ಎದುರಿಗಿಡುತ್ತೇನೆ. ಸೂಪರ್‌ಮ್ಯಾನ್‌ನ ಗೆಳೆಯನಾದ ಆ ಎಳೆಯ ಪತ್ರಕರ್ತ ಒಂದು ಸಂಚಿಕೆಯಲ್ಲಿ ರಬ್ಬರಿನಂತೆ ಉದ್ದವಾಗುತ್ತಾನೆ, ಇನ್ನೊಂದರಲ್ಲಿ ದೈತ್ಯ ಆಮೆಯಾಗುತ್ತಾನೆ, ಸಂಚಿಕೆ ಮುಗಿಯುವಷ್ಟರಲ್ಲಿ ಮೊದಲಿನಂತಾಗುತ್ತಾನೆ. 1960ರ 44ನೇ ಸಂಚಿಕೆಯಲ್ಲಂತೂ ಅವನು ತೋಳಮನುಷ್ಯನೇ ಆಗುತ್ತಾನೆ, ಸುಂದರಿಯ ಮುತ್ತಿನಿಂದ ಗುಣವಾಗುತ್ತಾನೆ. ಹಳೆಸಂಚಿಕೆಯವರು ಗಮನಿಸಬೇಕು, ಇದು ಸಂಹಿತೆಯ ಮುದ್ರೆ ಹೊತ್ತು ಬಂದ ಪತ್ರಿಕೆ. ಭಯವಿಲ್ಲದೆ ನಗೆಯಿದ್ದರೆ ತೋಳಮನುಷ್ಯನಿಗೂ ದಾರಿ ಇತ್ತು. ಅದೇ ಸಂಹಿತೆಯವರು ಮುಂದೆ ಮಾರ್ವ್ ವುಲ್ಫ್‌ಮನ್ ಎಂಬ ಲೇಖಕರ ಹೆಸರು ಕಥೆಯೊಳಗೆ ಬಂದದ್ದನ್ನು ನೋಡಿ ತೋಳಮನುಷ್ಯನ ಪ್ರಸ್ತಾಪವೆಂದು ಆಕ್ಷೇಪಿಸಿದರು. ಅದು ಮನುಷ್ಯರ ಹೆಸರೆಂದು ತಿಳಿದ ಮೇಲೆ, ಹಾಗಿದ್ದರೆ ಲೇಖಕರೆಂದೇ ಅಚ್ಚುಹಾಕಿ ಎಂದರು ಎಂಬ ಪ್ರಸಂಗ ಆ ಪೀಳಿಗೆಯವರೆಲ್ಲ ಹೇಳುವಂಥದ್ದು.

ಇದಲ್ಲದೆ ಮಾರ್ವೆಲ್‌ನಲ್ಲೇ 1963ರ ಲಿಜರ್ಡ್ ಇದ್ದಾನೆ. ಕಳೆದುಕೊಂಡ ತೋಳನ್ನು ಹಲ್ಲಿಗಳಂತೆ ಮತ್ತೆ ಬೆಳೆಸಲು ಹೊರಟ ಕರ್ಟ್ ಕಾನರ್ಸ್ ಹಲ್ಲಿಯಾಗುತ್ತಾನೆ, ಸ್ಪೈಡರ್‌ಮ್ಯಾನ್ ತಯಾರಿಸಿದ ಮದ್ದಿನಿಂದ ಅದೇ ಸಂಚಿಕೆಯಲ್ಲಿ ಮನುಷ್ಯನಾಗುತ್ತಾನೆ. ತೋಳು ಮಾತ್ರ ಮತ್ತೆ ಇಲ್ಲವಾಗುತ್ತದೆ. ಯಾರ ವಿಕಾರ ರೂಪದ ಮೇಲೆಯೇ ಪತ್ರಿಕೆ ನಡೆಯುತ್ತಿದೆಯೋ ಅವನಿಗೆ ಬಿಡುಗಡೆ ಇಲ್ಲ, ಅತಿಥಿಗೆ ಇದೆ. ಹಾಗಾಗಿ ಇದು ವಿಜ್ಞಾನಕ್ಕಿಂತ ಮಾಸಿಕ ವ್ಯಾಪಾರದ ನಿಯಮ.

ಆ ವ್ಯಾಪಾರವೂ ನಿಷ್ಠುರವಾಗಿತ್ತು. 1957ರಲ್ಲಿ ವಿತರಣಾ ವ್ಯವಸ್ಥೆ ಕುಸಿದ ಮೇಲೆ, ಮುಂದೆ ಮಾರ್ವೆಲ್ ಎನಿಸಿಕೊಂಡ ಸಂಸ್ಥೆ ತನ್ನ ಪ್ರತಿಸ್ಪರ್ಧಿ ಡಿಸಿಗೆ ಸೇರಿದ ವಿತರಕರನ್ನು ಆಶ್ರಯಿಸಬೇಕಾಯಿತು. ತಿಂಗಳಿಗೆ ಸುಮಾರು ಎಂಟು ಪತ್ರಿಕೆಗಳ ಮಿತಿ ಬಿತ್ತು. ಹಲ್ಕ್‌ನ ಸ್ವಂತ ಪತ್ರಿಕೆ 1963ರ ಮಾರ್ಚ್‌ನ ಆರನೇ ಸಂಚಿಕೆಗೇ ನಿಂತುಹೋಯಿತು. 1964ರಲ್ಲಿ ‘ಟೇಲ್ಸ್ ಟು ಅಸ್ಟಾನಿಷ್’ ಪತ್ರಿಕೆಯ ಅರ್ಧಭಾಗದಲ್ಲಿ ಮರಳಿದಾಗಲೇ ಅವನ ಬದಲಾವಣೆ ಸೂರ್ಯಾಸ್ತವನ್ನು ಬಿಟ್ಟು ಮನಸ್ಸಿನ ಉದ್ವೇಗಕ್ಕೆ ಗಂಟುಬಿದ್ದದ್ದು. ಹತ್ತು ಪುಟದ ಕಥೆಯಲ್ಲಿ ಸೂರ್ಯ ಮುಳುಗುವುದನ್ನು ಕಾಯುತ್ತ ಕೂರಲು ಆಗುವುದಿಲ್ಲ ಎಂಬುದೂ ಅದಕ್ಕೆ ಒಂದು ಕಾರಣವೆಂದು ನನ್ನ ಊಹೆ.

ಹೊಸಓದುಗ

ಹಿರಿಯರ ಚರ್ಚೆಯನ್ನು ಆಸಕ್ತಿಯಿಂದ ಓದಿದೆ. ನಾನು ಇವುಗಳಲ್ಲಿ ಹಲ್ಕ್‌ನ ಕಥೆಗಳನ್ನು ಬಿಟ್ಟು ಯಾವುದನ್ನೂ ಓದಿಲ್ಲ. ಸಂಹಿತೆಗೆ ಮೊದಲಿನ ಪತ್ರಿಕೆಗಳನ್ನು ನ್ಯಾಯವಾದ ರೀತಿಯಲ್ಲಿ ಓದಲು ದಾರಿಯಿದೆಯೇ ಎಂದು ದಯವಿಟ್ಟು ತಿಳಿಸಿ. ಮೂಲ ಪ್ರತಿಗಳ ಬೆಲೆ ನನ್ನ ಕೈಗೆ ಎಟುಕುವಂಥದ್ದಲ್ಲ.

ಹಳೆಸಂಚಿಕೆ

ದಾರಿಯಿದೆ. ಅಮೆರಿಕದಲ್ಲಿ 1964ಕ್ಕೆ ಮೊದಲು ಪ್ರಕಟವಾದ ಕೃತಿಗಳ ಹಕ್ಕನ್ನು ಇಪ್ಪತ್ತೆಂಟು ವರ್ಷಗಳ ನಂತರ ನವೀಕರಿಸದಿದ್ದರೆ ಅವು ಸಾರ್ವಜನಿಕ ಸ್ವತ್ತಾಗುತ್ತಿದ್ದವು. ಮುಚ್ಚಿಹೋದ ಸಣ್ಣ ಪ್ರಕಾಶಕರ ಎಷ್ಟೋ ಭಯಾನಕ ಪತ್ರಿಕೆಗಳು ಹೀಗೆ ಮುಕ್ತವಾಗಿವೆ. ‘ಡಿಜಿಟಲ್ ಕಾಮಿಕ್ ಮ್ಯೂಸಿಯಂ’ ಮತ್ತು ‘ಕಾಮಿಕ್ ಬುಕ್ ಪ್ಲಸ್’ ಎಂಬ ಜಾಲತಾಣಗಳಲ್ಲಿ ಅವುಗಳ ಸ್ಕ್ಯಾನ್ ಪ್ರತಿಗಳನ್ನು ಓದಬಹುದು. 1948ರಲ್ಲಿ ಆರಂಭವಾದ ‘ಅಡ್ವೆಂಚರ್ಸ್ ಇಂಟು ದಿ ಅನ್‌ನೋನ್’ ಮೂಲಕ ತೊಡಗಿ. ನಿರಂತರವಾಗಿ ಬಂದ ಭಯಾನಕ ಕಾಮಿಕ್ಸ್‌ಗಳಲ್ಲಿ ಅದೇ ಮೊದಲನೆಯದು. ಅದರ ಕಥೆಗಳು ಸೌಮ್ಯವಾಗಿವೆ, ಹಲವು ನೀರಸವೂ ಆಗಿವೆ, ಆದರೆ ಇಸಿ ಏನನ್ನು ಬದಲಿಸಿತು ಎಂಬುದು ಅದನ್ನು ಓದಿದ ಮೇಲೆಯೇ ತಿಳಿಯುತ್ತದೆ.

ಇಸಿ ಪತ್ರಿಕೆಗಳ ಹಕ್ಕು ಇನ್ನೂ ಜೀವಂತವಾಗಿರುವುದರಿಂದ ಮರುಮುದ್ರಣಗಳನ್ನು ಕೊಳ್ಳಬೇಕು. ಗೇನ್ಸ್ ತಮ್ಮ ಸಂಸ್ಥೆಯ ಮೂಲ ಚಿತ್ರಗಳನ್ನು ಬಹುಪಾಲು ಎಸೆಯದೆ ಇಟ್ಟುಕೊಂಡಿದ್ದರು, ಆ ಕಾಲದಲ್ಲಿ ಅದು ಅಪರೂಪ. ರಸ್ ಕಾಕ್ರನ್ ಎಂಬ ಪ್ರಕಾಶಕರು ಆ ಮೂಲಗಳಿಂದಲೇ ಕಪ್ಪುಬಿಳುಪಿನ ದೊಡ್ಡ ಸಂಪುಟಗಳನ್ನು ತಂದರು. ಇಂಗೆಲ್ಸ್ ಅವರ ಗೆರೆಯನ್ನು ನೋಡಬೇಕೆಂದರೆ ಅವೇ ಶ್ರೇಷ್ಠ. ಸಂಹಿತೆಯ ಹಂಗಿಲ್ಲದೆ ಕಪ್ಪುಬಿಳುಪಿನಲ್ಲೇ ಬಂದ ವಾರನ್ ಪ್ರಕಾಶನದ ‘ಕ್ರೀಪಿ’ ಪತ್ರಿಕೆಯ ಮರುಮುದ್ರಣಗಳೂ ದೊರೆಯುತ್ತವೆ. 1964ರಲ್ಲಿ ಅದು ಆರಂಭವಾದಾಗ ಇಸಿಯ ಹಲವು ಚಿತ್ರಕಾರರು ಅಲ್ಲಿಗೇ ಬಂದು ಸೇರಿದರು.

ಬಣ್ಣಗಾರ

ಕಪ್ಪುಬಿಳುಪಿನ ಸಂಪುಟಗಳೇ ಶ್ರೇಷ್ಠ ಎಂಬುದನ್ನು ನಾನು ಒಪ್ಪಲಾರೆ. ಹೊಸಓದುಗರೇ, ಸಾಧ್ಯವಾದರೆ ಬಣ್ಣದ ಮರುಮುದ್ರಣವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಇಸಿಯ ಬಣ್ಣಗಾರ್ತಿ ಮರೀ ಸೆವೆರಿನ್ ಅತ್ಯಂತ ಭೀಕರವಾದ ಕೆಲವು ಚೌಕಟ್ಟುಗಳಿಗೆ ಬೇರೆಬೇರೆ ಬಣ್ಣ ತುಂಬದೆ, ಇಡೀ ಚೌಕಟ್ಟನ್ನು ಒಂದೇ ಗಾಢ ನೀಲಿಯಲ್ಲೋ ಕೆಂಪಿನಲ್ಲೋ ಮುಳುಗಿಸಿಬಿಡುತ್ತಿದ್ದರು. ಅವರು ಅಸಹ್ಯವನ್ನು ಮುಚ್ಚಲು ಹಾಗೆ ಮಾಡುತ್ತಿದ್ದರೆಂದು ಸಹೋದ್ಯೋಗಿಗಳು ತಮಾಷೆಯಾಗಿ ಹೇಳುತ್ತಿದ್ದರು. ಪರಿಣಾಮ ಮಾತ್ರ ಬೇರೆ: ವಿವರಗಳು ಕತ್ತಲಿಗೆ ಸರಿದು ಆಕಾರವಷ್ಟೇ ಉಳಿಯುವುದರಿಂದ, ಏನಾಯಿತೆಂಬುದನ್ನು ಓದುಗ ತಾನೇ ತುಂಬಿಕೊಳ್ಳಬೇಕಾಗುತ್ತದೆ. ಮಸಿಕುಡಿಕೆಯವರು ಹೇಳಿದ ಪಠ್ಯಭಾರದ ಪುಟದಲ್ಲಿ ಎಲ್ಲವನ್ನೂ ವಾಕ್ಯವೇ ಹೇಳಿ ಮುಗಿಸಿದ್ದಾಗ, ಓದುಗನ ಕಲ್ಪನೆಗೆ ಜಾಗ ಉಳಿಸಿದ್ದು ಆ ಬಣ್ಣ. ಇದೇ ಸೆವೆರಿನ್ ಮುಂದೆ ಮಾರ್ವೆಲ್ ಸೇರಿ, 1967ರ ಸುಮಾರಿಗೆ ‘ಟೇಲ್ಸ್ ಟು ಅಸ್ಟಾನಿಷ್’ನಲ್ಲಿ ಹಲ್ಕ್‌ನ ಕಥೆಗಳನ್ನು ಚಿತ್ರಿಸಿದರು. ಕ್ರಿಪ್ಟಿನ ಕೊನೆಯ ಚೌಕಟ್ಟನ್ನೂ ಹಲ್ಕ್‌ನ ಮೊದಲ ಹೆಜ್ಜೆಗಳನ್ನೂ ಹೋಲಿಸಿ ನೋಡಬೇಕೆನ್ನುವವರು ಆ ಸಂಚಿಕೆಗಳನ್ನೇ ಮೊದಲು ತೆರೆಯಲಿ.